ತೋಟದ ದಾರಿಗೆ ಜಿಮ್ನಿಯೋ, ಥಾರೋ, ಗೂರ್ಖಾವೋ?

ಪ್ರಶ್ನೆ: ಶಿರಸಿಯಿಂದ ಹದಿನೆಂಟು ಕಿ.ಮೀ. ದೂರದಲ್ಲಿ ನಮ್ಮ ಮನೆ. ಡಾಂಬರು ರಸ್ತೆ ಬಿಟ್ಟ ಮೇಲೆ ಒಂದೂವರೆ ಕಿ.ಮೀ. ಕೆಮ್ಮಣ್ಣಿನ ಕಡಿದಾದ ಇಳಿಜಾರು, ಕೊನೆಯಲ್ಲೊಂದು ಹಳ್ಳ. ಆಷಾಢದಲ್ಲಿ ಅದರಲ್ಲಿ ಮೊಣಕಾಲುದ್ದ ನೀರು. ಮನೆಯಲ್ಲಿ ನಾಲ್ವರಿದ್ದೇವೆ, ಅಮ್ಮನಿಗೆ 74 ವರ್ಷ. ಹತ್ತು ಲಕ್ಷಕ್ಕೆ ಮಹೀಂದ್ರ ಥಾರ್ ಸಿಗುವಾಗ ಅದಕ್ಕಿಂತ ಚಿಕ್ಕದಾದ ಮಾರುತಿ ಜಿಮ್ನಿಗೆ ಹೆಚ್ಚು ಕೊಡುವುದು ಏಕೆ? ಫೋರ್ಸ್ ಗೂರ್ಖಾದ ಸ್ನಾರ್ಕೆಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ) ನಮ್ಮ ಹಳ್ಳಕ್ಕೆ ಪ್ರಯೋಜನವಾದೀತೇ? ಎಲ್ಲ ಸೇರಿ 17 ಲಕ್ಷ ಮೀರುವಂತಿಲ್ಲ.
— ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ನೀವು ಹೇಳುವ ಹತ್ತು ಲಕ್ಷದ ಥಾರ್‌ನಲ್ಲಿ ನಿಮಗೆ ಬೇಕಾದದ್ದೇ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಪರಿಷ್ಕೃತ ಥಾರ್ ಬಂದಾಗ ಎಕ್ಸ್‌ಶೋರೂಂ ಬೆಲೆ 9.99 ಲಕ್ಷದಿಂದ 16.99 ಲಕ್ಷ ರೂಪಾಯಿವರೆಗೆ ಇತ್ತು. ಆ 9.99 ಲಕ್ಷದ್ದು 1.5 ಲೀಟರ್ ಡೀಸೆಲ್ ಎಂಜಿನ್ನಿನ, ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ ಗಾಡಿ. ನೋಟಕ್ಕೆ ಥಾರ್ ನಿಜ, ಆದರೆ ಮಳೆಗಾಲದಲ್ಲಿ ನಿಮ್ಮ ಏರಿನ ಬುಡದಲ್ಲಿ ಅದು ಮಿಕ್ಕ ಕಾರುಗಳ ಪಕ್ಕದಲ್ಲೇ ನಿಂತಿರುತ್ತದೆ. ಫೋರ್‌ವೀಲ್ ಡ್ರೈವ್ ಇರುವ ಥಾರ್ ಎಕ್ಸ್‌ಶೋರೂಂನಲ್ಲೇ 14 ಲಕ್ಷ ದಾಟುತ್ತದೆ. ಜಿಮ್ನಿಯು 2023ರ ಜೂನ್‌ನಲ್ಲಿ 12.74 ಲಕ್ಷದಿಂದ 15.05 ಲಕ್ಷದವರೆಗಿನ ಬೆಲೆಗೆ ಬಿಡುಗಡೆಯಾಯಿತು, ಜಿಎಸ್‌ಟಿ ಬದಲಾದ ಮೇಲೆ ಸ್ವಲ್ಪ ಇಳಿಯಿತು. ಅದರ ಅತಿ ಕಡಿಮೆ ಬೆಲೆಯ ಮಾದರಿಯಲ್ಲೂ ಫೋರ್‌ವೀಲ್ ಡ್ರೈವ್ ಮತ್ತು ಲೋ ರೇಂಜ್ ಗೇರ್ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಗೇರ್) ಎರಡೂ ಇವೆ.

ಬೆಲೆಯ ಈ ಅಂತರದಲ್ಲಿ ತೆರಿಗೆಯ ಪಾಲೂ ದೊಡ್ಡದು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಉದ್ದವಿರದ ಕಾರಿಗೆ, ಪೆಟ್ರೋಲ್ ಎಂಜಿನ್ 1200 ಸಿ.ಸಿ. ಅಥವಾ ಡೀಸೆಲ್ ಎಂಜಿನ್ 1500 ಸಿ.ಸಿ. ಮೀರದಿದ್ದರೆ ಶೇ 18 ಜಿಎಸ್‌ಟಿ. ಮೀರಿದರೆ ಶೇ 40. ಥಾರ್‌ನ ಚಿಕ್ಕ ಡೀಸೆಲ್ ಈ ಮಿತಿಯೊಳಗೆ ಬಂತು, ಜಿಮ್ನಿಯ 1462 ಸಿ.ಸಿ. ಪೆಟ್ರೋಲ್ ಎಂಜಿನ್ ಹೊರಗುಳಿಯಿತು. ಕರ್ನಾಟಕದ ರಸ್ತೆ ತೆರಿಗೆಯೂ ಇದೇ ದಿಕ್ಕಿನಲ್ಲಿ ಹೋಗುತ್ತದೆ: ಐದರಿಂದ ಹತ್ತು ಲಕ್ಷದೊಳಗಿನ ಗಾಡಿಗೆ ಶೇ 14, ಹತ್ತರಿಂದ ಇಪ್ಪತ್ತು ಲಕ್ಷದ್ದಕ್ಕೆ ಶೇ 17, ಆ ತೆರಿಗೆಯ ಮೇಲೆ ಮತ್ತೆ ಶೇ 11ರ ಉಪಕರ. ಈ ಲೆಕ್ಕದಲ್ಲಿ 12.74 ಲಕ್ಷದ ಗಾಡಿಗೆ ಸುಮಾರು 2.40 ಲಕ್ಷ ರೂಪಾಯಿ ರಸ್ತೆ ತೆರಿಗೆಗೇ ಹೋಗುತ್ತದೆ. 2024ರ ಮೇ ತಿಂಗಳಲ್ಲಿ 16.75 ಲಕ್ಷಕ್ಕೆ ಬಂದ ಮೂರು ಬಾಗಿಲಿನ ಗೂರ್ಖಾಕ್ಕೆ ಮೂರು ಲಕ್ಷಕ್ಕೂ ಮಿಕ್ಕಿ ತೆರಿಗೆ ಬೀಳುವುದರಿಂದ ಅದು ನಿಮ್ಮ ಲೆಕ್ಕದಿಂದ ಹೊರಗೆ. ವಿಮೆಯನ್ನೂ ಸೇರಿಸಿದರೆ ಫೋರ್‌ವೀಲ್ ಥಾರ್ ಕೂಡ 17 ಲಕ್ಷದಲ್ಲಿ ಮನೆಯ ಅಂಗಳ ತಲುಪುವುದಿಲ್ಲ.

ಹಣವೇ ತೀರ್ಮಾನಿಸಿತು ಎಂದು ಬೇಸರಪಡಬೇಕಿಲ್ಲ. ನಿಮ್ಮ ದಾರಿಯನ್ನು ನೋಡಿದರೂ ನಾನು ಜಿಮ್ನಿಯತ್ತಲೇ ವಾಲುತ್ತೇನೆ. ನೆನೆದ ಕೆಮ್ಮಣ್ಣಿನ ಏರಿನಲ್ಲಿ ಎಂಜಿನ್ನಿನ ಬಲಕ್ಕಿಂತ ಗಾಡಿಯ ತೂಕವೇ ಹೆಚ್ಚು ಕಾಡುತ್ತದೆ. ಜಿಮ್ನಿಯ ತೂಕ ಸುಮಾರು ಹನ್ನೆರಡು ಕ್ವಿಂಟಲ್, ಥಾರ್ ಅದಕ್ಕಿಂತ ನಾಲ್ಕೈದು ಕ್ವಿಂಟಲ್ ಹೆಚ್ಚು. ಭಾರದ ಗಾಡಿ ಜಾರತೊಡಗಿದರೆ ಹಿಡಿದು ನಿಲ್ಲಿಸುವುದು ಕಷ್ಟ, ಹೂತರೆ ಎತ್ತುವುದು ಇನ್ನೂ ಕಷ್ಟ. ಅಗಲದಲ್ಲಿಯೂ ಜಿಮ್ನಿ 1645 ಮಿ.ಮೀ., ಥಾರ್ 1820 ಮಿ.ಮೀ.; ಒಂದು ಬದಿಗೆ ಧರೆ, ಇನ್ನೊಂದು ಬದಿಗೆ ತೋಟದ ಅಗಳ ಇರುವ ದಾರಿಯಲ್ಲಿ ಗೇಣಿಗೆ ತುಸು ಕಡಿಮೆಯಾದ ಈ ವ್ಯತ್ಯಾಸ ದಿನವೂ ಲೆಕ್ಕಕ್ಕೆ ಬರುತ್ತದೆ. ಥಾರ್‌ನ ಹಿಂದಿನ ಸೀಟಿಗೆ ಮುಂದಿನ ಸೀಟು ಮಡಚಿ ನುಸುಳಬೇಕು. ಸೀರೆ ಉಟ್ಟ 74 ವರ್ಷದವರಿಗೆ ಅದು ಆಗುವ ಮಾತಲ್ಲ. ಜಿಮ್ನಿಗೆ ಹಿಂದೆಯೂ ಪ್ರತ್ಯೇಕ ಬಾಗಿಲುಗಳಿವೆ, ಎಲ್ಲ ಮಾದರಿಗಳಲ್ಲೂ ಆರು ಏರ್‌ಬ್ಯಾಗ್‌ಗಳಿವೆ.

ಜಿಮ್ನಿಯ ಕೊರತೆಗಳನ್ನೂ ಹೇಳಲೇಬೇಕು. ಅದರ ಎಂಜಿನ್ 105 ಪಿಎಸ್ ಶಕ್ತಿ ಮತ್ತು 134 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತದೆ, ಥಾರ್‌ನ 2.2 ಲೀಟರ್ ಡೀಸೆಲ್ ಕೊಡುವ ತಿರುಚುಬಲ 300. ನಾಲ್ವರೂ ಕುಳಿತು, ಇಲ್ಲವೇ ಚಾಲಿ ಅಡಿಕೆಯ ಎರಡು ಮೂಟೆ ಹೇರಿಕೊಂಡು ಕುಮಟಾ ದಾರಿಯ ದೇವಿಮನೆ ಘಟ್ಟ ಹತ್ತುವಾಗ ಈ ವ್ಯತ್ಯಾಸ ಕಿವಿಗೇ ಕೇಳಿಸುತ್ತದೆ. ಸೀಟು ಮಡಚದಿದ್ದರೆ ಸಾಮಾನು ಇಡಲು ಇರುವ ಜಾಗ 208 ಲೀಟರ್ ಮಾತ್ರ, ಅಂದರೆ ಮೂಟೆ ಹೇರುವ ದಿನ ಹಿಂದೆ ಇಬ್ಬರು ಕೂರುವಂತಿಲ್ಲ. ಸೊಪ್ಪಿನ ಬೆಟ್ಟದಿಂದ ದರಕು (ಒಣಗಿದ ಎಲೆ) ತರುವ ಕೆಲಸಕ್ಕಂತೂ ಮೂರರಲ್ಲಿ ಯಾವುದನ್ನೂ ನಂಬಬೇಡಿ, ಅದಕ್ಕೆ ಬಾಡಿಗೆ ಪಿಕಪ್ಪೇ ಸರಿ. ನೆಲದಿಂದ ಎತ್ತರ ಜಿಮ್ನಿಗೆ 210, ಥಾರ್‌ಗೆ 226, ಗೂರ್ಖಾಕ್ಕೆ 233 ಮಿ.ಮೀ. ಐದು ಬಾಗಿಲಿಗಾಗಿ ಜಿಮ್ನಿಯ ಚಕ್ರಗಳ ನಡುವಿನ ಅಂತರ 2590 ಮಿ.ಮೀ.ಗೆ ಬೆಳೆದಿರುವುದರಿಂದ ಉಬ್ಬಿನ ನೆತ್ತಿಯಲ್ಲಿ ಅದರ ಹೊಟ್ಟೆ ತಾಗುವ ಸಂಭವವೂ ಹೆಚ್ಚು. ಅಂಥ ಉಬ್ಬು ನಿಮ್ಮ ದಾರಿಯಲ್ಲಿದ್ದರೆ ಗುದ್ದಲಿ ಹಿಡಿದು ತಗ್ಗಿಸುವುದು ಗಾಡಿ ಬದಲಾಯಿಸುವುದಕ್ಕಿಂತ ಅಗ್ಗ.

ಮಳೆನೀರು ಕೊರೆದ ಕೊರಕಲಿನಲ್ಲಿ ಒಂದು ಚಕ್ರ ಗಾಳಿಯಲ್ಲಿ ತೂಗಿದಾಗ ಮೂರೂ ಗಾಡಿಗಳ ಸ್ವಭಾವ ಬೇರೆ ಬೇರೆ. ಜಿಮ್ನಿಯು ಬರಿದೆ ತಿರುಗುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಶಕ್ತಿಯನ್ನು ಇನ್ನೊಂದು ಚಕ್ರಕ್ಕೆ ತಳ್ಳುತ್ತದೆ. ಇದಕ್ಕೆ ಒಂದು ಕ್ಷಣ ಬೇಕು, ಚಾಲಕ ಗಾಬರಿಯಿಂದ ಆಕ್ಸಿಲರೇಟರ್ ಮೇಲಿನ ಕಾಲೆತ್ತಬಾರದು. ಥಾರ್‌ನ ಕೆಲವು ಮಾದರಿಗಳಲ್ಲಿ ಹಿಂದಿನ ಡಿಫರೆನ್ಷಿಯಲ್ (ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಯಾಂತ್ರಿಕವಾಗಿ ಲಾಕ್ ಆಗಿ ಎರಡೂ ಚಕ್ರಗಳು ಒಟ್ಟಿಗೆ ತಿರುಗುತ್ತವೆ. ಗೂರ್ಖಾದಲ್ಲಿ ಮುಂದಿನದೂ ಹಿಂದಿನದೂ ಚಾಲಕನ ಕೈಯಲ್ಲೇ ಇವೆ. ಈ ಒಂದು ವಿಷಯದಲ್ಲಿ ಗೂರ್ಖಾಕ್ಕೆ ಉಳಿದೆರಡೂ ಸಾಟಿಯಲ್ಲ.

ಇನ್ನು ಹಳ್ಳದ ವಿಚಾರ. ಗೂರ್ಖಾ 700 ಮಿ.ಮೀ., ಥಾರ್ 650 ಮಿ.ಮೀ. ಆಳದ ನೀರು ದಾಟಬಲ್ಲವೆಂದು ಕಂಪನಿಗಳು ಹೇಳುತ್ತವೆ. ಜಿಮ್ನಿಯ ಸಾಮರ್ಥ್ಯ ಸ್ಪಷ್ಟವಾಗಿ ಕಡಿಮೆ. ಆದರೆ ಆ ಅಂಕಿಗಳು ನಿಂತ ನೀರಿಗೆ, ಗಟ್ಟಿ ತಳಕ್ಕೆ ಸಲ್ಲುವಂಥವು. ಸ್ನಾರ್ಕೆಲ್ ಎಂಜಿನ್ನಿಗೆ ಗಾಳಿಯನ್ನು ಎತ್ತರದಿಂದ ಒದಗಿಸುತ್ತದೆಯೇ ಹೊರತು ಗಾಡಿಯನ್ನು ನೆಲಕ್ಕೆ ಹಿಡಿದಿಡುವುದಿಲ್ಲ. ಘಟ್ಟದ ಹಳ್ಳದಲ್ಲಿ ಮೊಣಕಾಲುದ್ದ ನೀರು ರಭಸದಿಂದ ಹರಿಯುವಾಗ ಬದಿಯಿಂದ ತಳ್ಳುತ್ತದೆ, ಕೆಂಪು ನೀರಿನಡಿ ನಿನ್ನೆ ಇದ್ದ ಕಲ್ಲು ಇಂದು ಇರುತ್ತದೆಂದೂ ಇಲ್ಲ. ಅಂಥ ದಿನ ಮೂರರಲ್ಲಿ ಯಾವುದನ್ನೂ ಇಳಿಸಬಾರದು. ಹಳ್ಳದ ಈಚೆ ದಡದಲ್ಲೇ ಒಂದು ತಗಡಿನ ಮಾಡು ಹಾಕಿ, ಆ ಕೆಲವು ವಾರ ಗಾಡಿಯನ್ನು ಅಲ್ಲಿಯೇ ಬಿಟ್ಟು, ಸಂಕದ ಮೇಲೆ ನಡೆದು ಹೋಗುವುದು ಲೇಸು. ಸ್ನಾರ್ಕೆಲ್‌ಗಾಗಿ ಕೊಡಬೇಕಾಗಿದ್ದ ಹೆಚ್ಚಿನ ಹಣದಲ್ಲಿ ಮಾಡು ಮತ್ತು ಒಳ್ಳೆಯ ಮಡ್ ಟೆರೇನ್ ಟಯರು ಎರಡೂ ಆಗುತ್ತವೆ.

ಪ್ರಶ್ನೆ: ಕಾರವಾರದಲ್ಲಿ ನಾಲ್ಕು ವರ್ಷ ಓಡಿದ ಹಳೆಯ ಥಾರ್ ಅಗ್ಗಕ್ಕೆ ಸಿಗುತ್ತಿದೆ. ಮಾರುವವರು ಕಡಲ ದಂಡೆಯ ಮರಳಿನಲ್ಲಿ ಓಡಿಸಿ ತೋರಿಸಿದರು. ಕೊಳ್ಳಬಹುದೇ?
— ಓದುಗರೊಬ್ಬರು, ಅಂಕೋಲಾ

ಉತ್ತರ: ಅವರು ತೋರಿಸಿದ್ದು ಗಾಡಿಯ ಗುಣವನ್ನಲ್ಲ, ಅದರ ದೋಷಕ್ಕೆ ಕಾರಣವನ್ನು. ಇಂಥ ಗಾಡಿಗಳ ಬೆನ್ನೆಲುಬು ಟೊಳ್ಳಾದ ಉಕ್ಕಿನ ಚೌಕಟ್ಟು. ಉಪ್ಪಿನ ಮರಳು ಅದರ ರಂಧ್ರಗಳಿಂದ ಒಳಹೊಕ್ಕು ಕುಳಿತರೆ ತುಕ್ಕು ಒಳಗಿನಿಂದ ತಿನ್ನುತ್ತದೆ, ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಗಾಡಿಯನ್ನು ಲಿಫ್ಟಿಗೆ ಏರಿಸಿ ಚೌಕಟ್ಟಿನ ಬೆಸುಗೆಗಳು, ಬ್ರೇಕ್ ಕೊಳವೆಗಳು, ಸ್ಪ್ರಿಂಗ್ ಕೂರುವ ಬಟ್ಟಲು ಇವನ್ನು ನೋಡಿ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಪದರು ಉದುರಿದರೆ ಬೆಲೆ ಎಷ್ಟೇ ಇಳಿದರೂ ಬಿಟ್ಟುಬಿಡಿ. ತಳಕ್ಕೆ ಹೊಸದಾಗಿ ಕಪ್ಪು ಲೇಪ ಬಳಿದಿದ್ದರೆ ಸಂಶಯ ಇನ್ನೂ ಹೆಚ್ಚಾಗಬೇಕು. ಒಂದು ವೇಳೆ ಕೊಂಡರೆ ಮರಳಿಗೆ ಇಳಿಸಬೇಡಿ. ನಮ್ಮ ಜಿಲ್ಲೆಯ ದಂಡೆಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ, ಮರಳಿನಡಿಯ ಗೂಡು ಚಾಲಕನ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ಮಳೆಯಲ್ಲಿ ಕುಮಟಾದಿಂದ ಶಿರಸಿಗೆ ಘಟ್ಟ ಹತ್ತುವಾಗ ಜಿಮ್ನಿಯನ್ನು ಸದಾ ಫೋರ್‌ವೀಲ್‌ನಲ್ಲಿ ಇಡುತ್ತೇನೆ. ತಿರುವಿನಲ್ಲಿ ಸ್ಟೇರಿಂಗ್ ಬಿಗಿಯಾಗುತ್ತದೆ. ದೋಷವೇ?
— ಓದುಗರೊಬ್ಬರು, ಕುಮಟಾ

ಉತ್ತರ: ದೋಷ ಗಾಡಿಯದಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತಬೇಕು. ಜಿಮ್ನಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಕಾರಣ, ಫೋರ್‌ವೀಲ್‌ಗೆ ಹಾಕಿದಾಗ ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಮಣ್ಣಿನಲ್ಲಾದರೆ ಚಕ್ರ ತುಸು ಜಾರಿ ಸರಿಹೋಗುತ್ತದೆ, ಡಾಂಬರಿನ ಹಿಡಿತದಲ್ಲಿ ಆ ಒತ್ತಡವೆಲ್ಲ ಗೇರು ಮತ್ತು ಶಾಫ್ಟುಗಳ ಮೇಲೆ ಬೀಳುತ್ತದೆ. ಒದ್ದೆ ಡಾಂಬರಿನಲ್ಲಿ ಟೂವೀಲ್‌ನಲ್ಲೇ ಇಟ್ಟು ವೇಗ ತಗ್ಗಿಸಿ. ಗುಡ್ಡ ಕುಸಿದು ರಸ್ತೆ ತುಂಬ ಕೆಸರು ಹರಡಿದ್ದ ಕಡೆ ಮಾತ್ರ ಫೋರ್‌ವೀಲ್‌ಗೆ ಹಾಕಿ, ದಾಟಿದ ಕೂಡಲೇ ತೆಗೆಯಿರಿ. ಬೇಸಿಗೆಯಲ್ಲಿ ಇದು ಬೇಕಾಗದಿದ್ದರೂ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಸ್ವಲ್ಪ ದೂರ ಫೋರ್‌ವೀಲ್‌ನಲ್ಲಿ ಓಡಿಸಿದರೆ ಒಳಗಿನ ಭಾಗಗಳಿಗೆ ಎಣ್ಣೆ ಹರಡಿ, ಮಳೆಗಾಲದ ಹೊತ್ತಿಗೆ ಲಿವರ್ ಗಟ್ಟಿಯಾಗಿ ಕೂರುವುದಿಲ್ಲ.