ಗೇರ್ ಇಲ್ಲದ ಸ್ಕೂಟರ್‌ಗೆ ಗೇರ್ ಆಯಿಲ್ ಯಾಕೆ?

ಪ್ರಶ್ನೆ: ನನ್ನದು ಆರು ವರ್ಷ ಹಳೆಯ ಗೇರ್‌ಲೆಸ್ ಸ್ಕೂಟರ್. 24,000 ಕಿ.ಮೀ. ಓಡಿದೆ. ಎಂಜಿನ್ ಆಯಿಲ್ ತಪ್ಪದೆ ಬದಲಿಸಿದ್ದೇನೆ. ಈಗ ಹಿಂದಿನ ಚಕ್ರದಿಂದ ಗುಂಯ್ ಅಂತ ಸದ್ದು ಬರುತ್ತಿದೆ. ಹೊಸ ಮೆಕ್ಯಾನಿಕ್ ನೋಡಿ, ಗೇರ್ ಆಯಿಲ್ ಬದಲಿಸಿಯೇ ಇಲ್ಲ ಅಂದರು. ಗೇರೇ ಇಲ್ಲದ ಗಾಡಿಗೆ ಗೇರ್ ಆಯಿಲ್ ಎಲ್ಲಿಂದ ಬಂತು? ಮನೆಯಲ್ಲೇ ಹಾಕಬಹುದಾ?
- ತೀರ್ಥಹಳ್ಳಿಯ ಓದುಗರು

ಉತ್ತರ: ನಿಮ್ಮ ಮೆಕ್ಯಾನಿಕ್ ಸರಿಯಾಗಿಯೇ ಹೇಳಿದ್ದಾರೆ. ಕಾಲಲ್ಲಿ ಒತ್ತುವ ಗೇರ್ ಇಲ್ಲ ಅಷ್ಟೇ, ಒಳಗೆ ಗೇರ್ ಇದ್ದೇ ಇದೆ. ಎಂಜಿನ್ನಿನ ಶಕ್ತಿ ಬೆಲ್ಟ್ ಮೂಲಕ ಹಿಂದಿನ ಕ್ಲಚ್‌ಗೆ ಬರುತ್ತದೆ. ಆದರೆ ಅಲ್ಲಿನ ಶಾಫ್ಟ್, ಅಂದರೆ ತಿರುಗುವ ದಂಡ, ಚಕ್ರಕ್ಕಿಂತ ಎಷ್ಟೋ ಪಟ್ಟು ಜೋರಾಗಿ ತಿರುಗುತ್ತಿರುತ್ತದೆ, ಅದನ್ನು ನೇರವಾಗಿ ಚಕ್ರಕ್ಕೆ ಕೊಟ್ಟರೆ ಗಾಡಿ ಜಾಗ ಬಿಟ್ಟು ಏಳುವುದೇ ಇಲ್ಲ. ಹಾಗಾಗಿ ಮಧ್ಯೆ ಎರಡು ಜೊತೆ ಹಲ್ಲಿನ ಚಕ್ರಗಳನ್ನಿಟ್ಟು ವೇಗ ಇಳಿಸುತ್ತಾರೆ. ಇದೇ ಫೈನಲ್ ಡ್ರೈವ್. ಹಿಂದಿನ ಚಕ್ರಕ್ಕೆ ಅಂಟಿಕೊಂಡಂತೆ ಎಡಗಡೆ ಒಂದು ಪುಟ್ಟ ಡಬ್ಬಿ ಇದೆಯಲ್ವಾ, ಅದು. ಎಂಜಿನ್ ಆಯಿಲ್ ಅಲ್ಲಿಗೆ ಹೋಗುವುದಿಲ್ಲ. ಅದಕ್ಕೆ ಬೇರೆಯಾಗಿಯೇ ಆಯಿಲ್ ಹಾಕಬೇಕು.

ಹಿಡಿಸುವುದೂ ಸ್ವಲ್ಪವೇ. ಹೆಚ್ಚಿನ ಸ್ಕೂಟರ್‌ಗಳಲ್ಲಿ 100ರಿಂದ 120 ಮಿ.ಲೀ., ಒಂದು ಬೈ-ಟು ಕಾಫಿಯಷ್ಟು. ಸ್ವಲ್ಪ ಅಂತಲೇ ಎಲ್ಲರೂ ಮರೆಯುತ್ತಾರೆ, ಸ್ವಲ್ಪ ಇರುವುದರಿಂದಲೇ ಬೇಗ ಕೆಡುತ್ತದೆ.

ಮನೆಯಲ್ಲಿ ಖಂಡಿತ ಹಾಕಬಹುದು. ಮೊದಲು ಹತ್ತು ನಿಮಿಷ ಗಾಡಿ ಓಡಿಸಿ ಬನ್ನಿ, ಆಯಿಲ್ ಬಿಸಿಯಾಗಿ ತೆಳ್ಳಗಾಗಲಿ. ಸಮತಟ್ಟು ಜಾಗದಲ್ಲಿ ಮೇನ್ ಸ್ಟ್ಯಾಂಡ್ ಹಾಕಿ. ಈಗ ಮುಖ್ಯವಾದ ಮಾತು: ಮೊದಲು ಮೇಲಿನ, ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ. ಅದು ಬಿಚ್ಚಿದ ಮೇಲೆಯೇ ಕೆಳಗಿನ ಡ್ರೈನ್ ಬೋಲ್ಟ್ ಮುಟ್ಟಿ. ಮೇಲಿನದು ವರ್ಷಗಟ್ಟಲೆ ಬಿಚ್ಚದೆ ಕಚ್ಚಿಕೊಂಡಿರುತ್ತದೆ. ಹಳೆ ಆಯಿಲ್ ಎಲ್ಲಾ ಸುರಿದ ಮೇಲೆ ಅದು ಬರಲಿಲ್ಲ ಅಂದರೆ ಒಳಗೆ ಹೊಸದು ಹಾಕಲು ದಾರಿಯಿಲ್ಲ, ಗಾಡಿ ಗ್ಯಾರೇಜಿಗೆ ತಳ್ಳಿಕೊಂಡೇ ಹೋಗಬೇಕು.

ಹತ್ತು ನಿಮಿಷ ತೊಟ್ಟಿಕ್ಕಲು ಬಿಡಿ. ಬಂದ ಆಯಿಲನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪಗೆ, ನುಣ್ಣನೆಯ ಬೂದು ಕೆಸರಿನಂತಿದ್ದರೆ ಸವೆತ ಮಾಮೂಲಿ. ಕೈಗೆ ಸಿಗುವ ಲೋಹದ ಚೂರು ಇದ್ದರೆ ಬೇರಿಂಗ್ ಅಥವಾ ಹಲ್ಲು ಹೋಗಿದೆ. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ. ನಿಮ್ಮ ಕಡೆ ಇದನ್ನು ಜಾಸ್ತಿ ಗಮನಿಸಬೇಕು. ಓಡಿ ಬಿಸಿಯಾದ ಡಬ್ಬಿಯನ್ನು ಮಳೆಗಾಲದಲ್ಲಿ ತುಂಬಿದ ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ತಟ್ಟನೆ ತಣ್ಣಗಾಗಿ ಕುಗ್ಗುತ್ತದೆ, ಆಗ ಗಾಳಿಯಾಡಲು ಇಟ್ಟ ಬ್ರೀದರ್ ಕೊಳವೆಯಿಂದಲೋ ಸೀಲ್ ಸಂದಿಯಿಂದಲೋ ನೀರನ್ನು ಎಳೆದುಕೊಳ್ಳುತ್ತದೆ.

ಡ್ರೈನ್ ಬೋಲ್ಟ್ ಒರೆಸಿ, ಹೊಸ ವಾಷರ್ ಹಾಕಿ ಬಿಗಿ ಮಾಡಿ. ಡಬ್ಬಿ ಅಲ್ಯೂಮಿನಿಯಂದು, ಉದ್ದ ಸ್ಪ್ಯಾನರ್ ಹಿಡಿದು ಬಲ ಹಾಕಿದರೆ ಬೋಲ್ಟ್ ಕೂರುವ ಮರೆ (ಥ್ರೆಡ್) ಕಿತ್ತು ಬರುತ್ತದೆ. ಹೊಸ ಆಯಿಲ್ ಹಾಕಲು ಮೆಡಿಕಲ್ ಶಾಪಿನ 50 ಮಿ.ಲೀ. ಸಿರಿಂಜ್, ಅದರ ತುದಿಗೆ ಒಂದು ಸಣ್ಣ ಪೈಪ್ ಸಾಕು. ಅಳತೆಯೂ ಆಯಿತು, ಚೆಲ್ಲುವುದೂ ಇಲ್ಲ. ಯಾವ ಆಯಿಲ್ ಅಂತ ನಿಮ್ಮ ಗಾಡಿಯ ಪುಸ್ತಕ ನೋಡಿಯೇ ತನ್ನಿ. ಕೆಲವಕ್ಕೆ 10ಡಬ್ಲ್ಯು-30 ಎಂಜಿನ್ ಆಯಿಲ್ಲೇ ಇಲ್ಲಿಗೂ ಬರುತ್ತದೆ, ಕೆಲವಕ್ಕೆ ದಪ್ಪನೆಯ ಗೇರ್ ಆಯಿಲ್ ಬೇಕು. ಇರಲಿ ಅಂತ ಜಾಸ್ತಿ ಹಾಕಬೇಡಿ. ಒಳಗೆ ಒತ್ತಡ ಏರಿ ಚಕ್ರದ ಸೀಲ್ ಸೋರುತ್ತದೆ. ಸೋರಿದ್ದು ಹೋಗುವುದು ಪಕ್ಕದ ಬ್ರೇಕ್ ಡ್ರಮ್ಮಿಗೆ. ಆಗುಂಬೆ ಘಾಟಿ ಇಳಿಯುವಾಗ ಹಿಂದಿನ ಬ್ರೇಕ್ ಹಿಡಿಯದಿದ್ದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ.

ನನ್ನ ಸ್ಕೂಟರ್‌ನಲ್ಲಿ ಆದ ಒಂದು ಅನಾಹುತ ಹೇಳಲೇಬೇಕು. ಒಂದು ಗ್ಯಾರೇಜಿನಲ್ಲಿ ಎಂಜಿನ್ ಆಯಿಲ್ ಬದಲಿಸಲು ಬಿಟ್ಟಿದ್ದೆ. ಹುಡುಗ ತಪ್ಪಿ ಗೇರ್ ಡಬ್ಬಿಯ ಡ್ರೈನ್ ಬೋಲ್ಟ್ ಬಿಚ್ಚಿದ್ದಾನೆ, ಅದರ ಆಯಿಲ್ ಹೋಗಿದೆ, ಹೊಸ ಎಂಜಿನ್ ಆಯಿಲನ್ನು ಹಳೆಯದರ ಮೇಲೇ ಸುರಿದಿದ್ದಾನೆ. ಎಂಜಿನ್ನಿಗೆ ಎರಡು ಪಾಲು, ಗೇರ್‌ಗೆ ಏನೂ ಇಲ್ಲ. ನಲವತ್ತು ಕಿ.ಮೀ. ಓಡಿಸುವಷ್ಟರಲ್ಲಿ ಬೇರಿಂಗ್ ಚೀರಲು ಶುರುವಾಯಿತು. ಅವತ್ತಿನಿಂದ ಯಾವ ಬೋಲ್ಟ್ ಬಿಚ್ಚುತ್ತಾರೆ ಅಂತ ಪಕ್ಕದಲ್ಲೇ ನಿಂತು ನೋಡುತ್ತೇನೆ. ನೀವೂ ನಿಂತು ನೋಡಿ, ಸಂಕೋಚ ಬೇಡ.

ನಿಮ್ಮ ಸದ್ದಿನ ವಿಷಯ. ಹೊಸ ಆಯಿಲ್ ಹಾಕಿದ ಮೇಲೆ ಕಡಿಮೆಯಾದರೆ ಒಳ್ಳೆಯದು. ಕಡಿಮೆಯಾಗದಿದ್ದರೆ ಎಂಜಿನ್ ಆರಿಸಿ, ಮೇನ್ ಸ್ಟ್ಯಾಂಡ್ ಮೇಲೆ ಚಕ್ರ ಹಿಡಿದು ಪಕ್ಕಕ್ಕೆ ಅಲುಗಾಡಿಸಿ. ಆಡಿದರೆ ಬೇರಿಂಗ್ ಕೆಲಸ, ತಡ ಮಾಡಬೇಡಿ. ಮುಂದೆ 10,000 ಕಿ.ಮೀ.ಗೊಮ್ಮೆ, ನಿಮ್ಮ ಮಳೆಗಂತೂ ಪ್ರತಿ ದೀಪಾವಳಿ ಹೊತ್ತಿಗೆ ಬದಲಿಸಿ ಅನ್ನುತ್ತೇನೆ. ಹಳೆ ಆಯಿಲನ್ನು ಗೆದ್ದಲಿಗೆ ಅಂತ ಬೇಲಿ ಗೂಟಕ್ಕೆ ಬಳಿಯುವುದು, ತೋಟಕ್ಕೆ ಸುರಿಯುವುದು ದಯವಿಟ್ಟು ಬೇಡ. ಅದು ಇಳಿಯುವುದು ನಿಮ್ಮದೇ ಬಾವಿಗೆ. ಡಬ್ಬದಲ್ಲಿ ಹಾಕಿ ಗ್ಯಾರೇಜಿಗೆ ಕೊಡಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಆರ್ 1200 ಜಿಎಸ್ ಬೈಕ್ ನೋಡಿದ್ದೇನೆ. ಚೈನ್ ಬದಲು ದಂಡ ತಿರುಗಿ ಚಕ್ರ ಓಡಿಸುವ ಶಾಫ್ಟ್ ಡ್ರೈವ್‌ನ ಆಯಿಲ್ ಜೀವನಪೂರ್ತಿ ಬರುತ್ತದೆ ಅಂತ ಮಾರುವವರು ಹೇಳುತ್ತಾರೆ. ನಿಜವಾ?
- ಬೆಂಗಳೂರಿನ ಓದುಗರು

ಉತ್ತರ: ನಂಬಬೇಡಿ. 2004ರಲ್ಲಿ ಈ ಬೈಕ್ ಬಂದಾಗ ಕಂಪನಿಯೇ ಹಾಗೆ ಹೇಳಿತ್ತು. ಆಮೇಲೆ ಮಾತು ಬದಲಿಸಿ, ಮೊದಲ ಸಲ 1,000 ಕಿ.ಮೀ.ಗೆ, ನಂತರ 20,000ಕ್ಕೊಮ್ಮೆ ಬದಲಿಸಿ ಅಂದಿತು. ಮೊದಮೊದಲ ಗಾಡಿಗಳಲ್ಲಿ ಸುಲಭಕ್ಕೆ ಸಿಗುವ ಡ್ರೈನ್ ಬೋಲ್ಟ್ ಕೂಡ ಇರಲಿಲ್ಲ. ಹಾಗಾಗಿ ಯಾವ ವರ್ಷದ್ದು ಅಂತ ಮೊದಲು ಕೇಳಿ. ಬದಲಿಸುವಾಗ ಹಿಡಿಸುವುದು ಸುಮಾರು 180 ಮಿ.ಲೀ. ಮಾತ್ರ. ಇಲ್ಲಿ ಶಕ್ತಿ ಮೂಲೆ ತಿರುಗಿ ಚಕ್ರಕ್ಕೆ ಹೋಗುತ್ತದೆ, ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಒತ್ತುತ್ತವೆ. ಸ್ಕೂಟರ್‌ನ ಗೇರ್‌ಗಿಂತ ಇದು ಕಠಿಣ ಕೆಲಸ. ಅದಕ್ಕೇ ಇಲ್ಲಿ ಎಂಜಿನ್ ಆಯಿಲ್ ನಡೆಯುವುದಿಲ್ಲ, ಜಿಎಲ್-5 ದರ್ಜೆಯ ಗೇರ್ ಆಯಿಲ್ಲೇ ಬೇಕು, ಗಂಧಕದ ಗಾಟು ಹೊಡೆಯುವಂಥದ್ದು. ದುಡ್ಡು ಕೊಡುವ ಮುಂಚೆ ಹಿಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಚಕ್ರದ ನಡುವಿನ ಹಬ್ ಸುತ್ತ ಎಣ್ಣೆ ಜಿನುಗಿದೆಯಾ ನೋಡಿ. ಆಯಿಲ್ ಬದಲಿಸಿದ ಬಿಲ್ ಕೇಳಿ.

ಪ್ರಶ್ನೆ: ನನ್ನ 100 ಸಿಸಿ ಬೈಕ್‌ಗೂ ಬೇರೆ ಗೇರ್ ಆಯಿಲ್ ಹಾಕಬೇಕಾ?
- ಹೊಸಪೇಟೆಯ ಓದುಗರು

ಉತ್ತರ: ಬೇಡ. ನಿಮ್ಮ ಗಾಡಿಯಲ್ಲಿ ಗೇರ್‌ಬಾಕ್ಸ್‌ಗೂ ಎಂಜಿನ್ ಆಯಿಲ್ಲೇ ಸಿಗುತ್ತದೆ, ಫೈನಲ್ ಡ್ರೈವ್ ಅಂದರೆ ಚೈನ್. 90 ನಂಬರ್ ಗೇರ್ ಆಯಿಲ್ ಮನೆಯಲ್ಲಿದ್ದರೆ ಆ ಚೈನಿಗೆ ಹಾಕಿ. ಮೊದಲು ಧೂಳು ಒರೆಸಿ, ಚೈನಿನ ಒಳಬದಿಗೆ ಹನಿ ಹನಿಯಾಗಿ ಬಿಡಿ, ಉಳಿದದ್ದನ್ನು ಬಟ್ಟೆಯಿಂದ ತೆಗೆಯಿರಿ. ಎಂಜಿನ್ ಆನ್ ಮಾಡಿ ಗೇರ್‌ಗೆ ಹಾಕಿ ಮಾತ್ರ ಈ ಕೆಲಸ ಮಾಡಬೇಡಿ, ಬೆರಳು ಹೋಗುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ.