ಸಿಡ್ನಿ ಹೋವರ್ಡ್ ಬಗ್ಗೆ ನೀವು ಕಳಿಸಿದ ಲೇಖನ

ನಮಸ್ಕಾರ.

ಅಮೆರಿಕದ ನಾಟಕಕಾರ, ಚಿತ್ರಕಥೆಗಾರ ಸಿಡ್ನಿ ಹೋವರ್ಡ್ ಕುರಿತ ನಿಮ್ಮ ಲೇಖನ ಓದಿದೆ. ಈಗಿರುವಂತೆ ಹಾಕಿಕೊಳ್ಳಲಾಗದು. ಯಾಕೆಂದು ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಆ ಕೊನೆಯ ದೃಶ್ಯ. 'ಗಾನ್ ವಿತ್ ದ ವಿಂಡ್' ಚಿತ್ರಕಥೆಗೆ ಬಂದ ಆಸ್ಕರನ್ನು ಹೋವರ್ಡ್ ವೇದಿಕೆಯಲ್ಲಿ ಕಣ್ತುಂಬಿಕೊಂಡು ಸ್ವೀಕರಿಸಿದರು ಎಂದಿದ್ದೀರಿ. ಅವರು 1939ರ ಆಗಸ್ಟ್‌ನಲ್ಲೇ ಮ್ಯಾಸಚೂಸೆಟ್ಸ್‌ನ ತಮ್ಮ ತೋಟದಲ್ಲಿ ಟ್ರ್ಯಾಕ್ಟರಿಗೆ ಸಿಕ್ಕಿ ತೀರಿಕೊಂಡಿದ್ದರು. ಚಿತ್ರ ತೆರೆಕಂಡದ್ದು ಡಿಸೆಂಬರಿನಲ್ಲಿ, ಪ್ರಶಸ್ತಿ ಬಂದದ್ದು ಮರುವರ್ಷ. ಸತ್ತ ಮೇಲೆ ಆಸ್ಕರ್ ಪಡೆದವರಲ್ಲಿ ಅವರೇ ಮೊದಲಿಗರು. ಇಷ್ಟು ದೊಡ್ಡ ಸಂಗತಿ ಕೈಯಳತೆಯಲ್ಲೇ ಇರುವಾಗ ಕಣ್ಣೀರು ಕಟ್ಟುವ ಅಗತ್ಯವೇನಿತ್ತು? ಆ ಚಿತ್ರಕಥೆಯ ಅಕ್ಷರ ಅಕ್ಷರವೂ ಅವರದೇ ಎಂಬುದೂ ತಪ್ಪು. ನಿರ್ಮಾಪಕ ಸೆಲ್ಜ್‌ನಿಕ್ ಅದನ್ನು ಬೆನ್ ಹೆಕ್ಟ್ ಸೇರಿದಂತೆ ಹಲವು ಬರಹಗಾರರಿಂದ ತಿದ್ದಿಸಿದರು, ತಾವೂ ತಿದ್ದಿದರು.

1891ರಲ್ಲಿ ಓಕ್ಲೆಂಡ್‌ನಲ್ಲಿ ಹುಟ್ಟು, ಬರ್ಕ್ಲಿಯಲ್ಲಿ ಓದು, ಮಹಾಯುದ್ಧದಲ್ಲಿ ಆಂಬುಲೆನ್ಸ್ ಚಾಲನೆ... ಪುಟಗಟ್ಟಲೆ ಬಯೋಡೇಟಾ. ಇದನ್ನು ಎರಡು ಸಾಲಿಗೆ ಇಳಿಸಿ.

ನಿಮ್ಮ ಲೇಖನದ ಜೀವ ಇರುವುದು ನೀವು ಓಡಿ ದಾಟಿದ ಜಾಗದಲ್ಲಿ. ಮಧ್ಯಯುಗದ ಇಟಲಿಯ ಕಥೆಯುಳ್ಳ ಪದ್ಯನಾಟಕ 'ಸೋರ್ಡ್ಸ್' 1921ರಲ್ಲಿ ನೆಲಕಚ್ಚಿತು. ಮೂರೇ ವರ್ಷಕ್ಕೆ ಬಂದ 'ದೇ ನ್ಯೂ ವಾಟ್ ದೇ ವಾಂಟೆಡ್' ಪುಲಿಟ್ಜರ್ ಪ್ರಶಸ್ತಿ ಗಳಿಸಿತು. ಇಲ್ಲಿಯೂ ನಾಯಕ ಇಟಲಿಯವನೇ. ಆದರೆ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯಲ್ಲಿ ದ್ರಾಕ್ಷಿ ಬೆಳೆಯುವ, ಹರಕುಮುರುಕು ಇಂಗ್ಲಿಷಿನ ಅರವತ್ತರ ಟೋನಿ. ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲೊಂದರಲ್ಲಿ ಬಡಿಸುವ ಏಮಿಯನ್ನು ಪತ್ರದಲ್ಲೇ ಮದುವೆಗೆ ಕೇಳುತ್ತಾನೆ. ಮುದುಕನೆಂದು ಎಲ್ಲಿ ಒಲ್ಲೆನೆನ್ನುತ್ತಾಳೋ ಎಂದು ತನ್ನ ಆಳು ಜೋನ ಫೋಟೊ ಕಳಿಸುತ್ತಾನೆ. ಮನೆಗೆ ಬಂದವಳಿಗೆ ಎದುರಾಗುವವನು ಜೋ. ಮದುಮಗನನ್ನು ಕಾಲು ಮುರಿದ ಸ್ಥಿತಿಯಲ್ಲಿ ಹೊತ್ತು ತರುತ್ತಾರೆ. ಆಮೇಲೆ ಅವಳು ಜೋನಿಂದ ಬಸುರಿಯೆಂದು ತಿಳಿದಾಗ ಟೋನಿ ಕೆಂಡಾಮಂಡಲನಾಗುತ್ತಾನೆ, ಕೊನೆಗೆ ಮಗುವಿನ ಸಮೇತ ಅವಳನ್ನು ಉಳಿಸಿಕೊಳ್ಳುತ್ತಾನೆ. 1924ರ ಬ್ರಾಡ್‌ವೇ (ನ್ಯೂಯಾರ್ಕಿನ ರಂಗಭೂಮಿ) ಪ್ರೇಕ್ಷಕರು ಇದನ್ನು ಒಪ್ಪಿದರು ಎಂಬುದೇ ಸೋಜಿಗ. ನೀವು ಇದಕ್ಕೆ ಕೊಟ್ಟಿರುವುದು 'ಯಶಸ್ವಿ ನಾಟಕ' ಎಂಬ ಎರಡು ಪದ.

ಹೀಗೆ ಆಡುಮಾತಿಗೆ ಪಳಗಿದ ಕಿವಿಯೇ ಮುಂದೆ ಅವರನ್ನು ಹಾಲಿವುಡ್‌ನಲ್ಲಿ ಕಾದಂಬರಿಗಳನ್ನು ಚಿತ್ರಕ್ಕಿಳಿಸುವ ಪಳಗಿದ ಕೈಯಾಗಿಸಿತು ಎಂಬುದು ನನ್ನ ಅನಿಸಿಕೆ. ಸಿಂಕ್ಲೇರ್ ಲೂಯಿಸರ 'ಆರೋಸ್ಮಿತ್', 'ಡಾಡ್ಸ್‌ವರ್ತ್' ಎರಡಕ್ಕೂ ಚಿತ್ರಕಥೆ ಅವರದೇ. ನೀವು ಒಪ್ಪದಿದ್ದರೆ ಜಗಳವಾಡಿ, ಆದರೆ ನಾಟಕ ಓದಿಕೊಂಡು ಬಂದು.

ಸಾವಿರ ಪದ ಮೀರದಂತೆ ಹೊಸದಾಗಿ ಬರೆದು ಕಳಿಸಿ. ವಿಶೇಷಣಗಳನ್ನು ಅರ್ಧಕ್ಕರ್ಧ ಕಡಿಮೆ ಮಾಡಿ. 'ಮಹಾನ್' ಒಂದೂ ಬೇಡ.