ಜೆರ್ಸಿ ಮೇಲಿನ ಹೆಸರೂ ಎಂಟೂವರೆಯ ಬಸ್ಸೂ

ಓದುಗರೊಬ್ಬರ ಪತ್ರ: ನಮ್ಮ ಭಾಗದಲ್ಲಿ ಓಡುವ ಬಸ್ ಕಂಪನಿ ಹುಡುಗರ ಕ್ರೀಡಾ ತಂಡಕ್ಕೆ ಜೆರ್ಸಿ ಕೊಡಿಸಿದೆ, ವರ್ಷಕ್ಕೊಮ್ಮೆ ರಕ್ತದಾನ ಶಿಬಿರ ನಡೆಸುತ್ತದೆ. ಆದರೆ ರಾತ್ರಿ ಎಂಟೂವರೆಯ ಕಡೇ ಟ್ರಿಪ್ಪನ್ನು ಕೈಬಿಟ್ಟಿದೆ. ಆಸ್ಪತ್ರೆ ಗೇಟಿನವರೆಗೆ ಬಸ್ ಬರಲಿ ಎಂದು ಕೇಳಿದರೆ, ಐದು ನಿಮಿಷದ ಸುತ್ತು, ಆಗುವುದಿಲ್ಲ ಎನ್ನುತ್ತಾರೆ. ಬೇಕಾದರೆ ಹಳೇ ಬಸ್ಸೊಂದನ್ನು ಗ್ರಂಥಾಲಯ ಮಾಡಿಕೊಳ್ಳಿ, ಉಚಿತವಾಗಿ ಕೊಡುತ್ತೇವೆ ಎಂದಿದ್ದಾರೆ. ನಮ್ಮ ಸಂಘ ಏನನ್ನು ಒಪ್ಪಬೇಕು, ಏನನ್ನು ಕೇಳಬೇಕು?

ಸಂಪಾದಕರ ಉತ್ತರ:

ಜೆರ್ಸಿ ಬೇಡ ಎನ್ನಬೇಡಿ, ಆದರೆ ಅದನ್ನು ಲೆಕ್ಕಕ್ಕೂ ಇಟ್ಟುಕೊಳ್ಳಬೇಡಿ. ಅದು ಜಾಹೀರಾತಿನ ಬಾಬ್ತಿನಿಂದ ಬರುವ ದುಡ್ಡು. ಸಿಮೆಂಟ್ ಮಾರುವವರೂ ಕೊಡಬಲ್ಲರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವುದು ಇಂಥದ್ದಕ್ಕೇ. ಬೇರೆಯವರ ಹತ್ತಿರ ಇಲ್ಲದ್ದು ಬಸ್ ಕಂಪನಿಯ ಹತ್ತಿರ ಏನಿದೆ ನೋಡಿ: ದೊಡ್ಡ ಗಾಡಿಗಳು, ಅವನ್ನು ಓಡಿಸಬಲ್ಲ ಜನ, ಡಿಪೊ, ವರ್ಕ್‌ಶಾಪ್, ಮತ್ತು ವೇಳಾಪಟ್ಟಿ. ಕೇಳುವುದಿದ್ದರೆ ಇವನ್ನು ಕೇಳಿ.

ಮೊದಲು ಆಸ್ಪತ್ರೆಯ ಸುತ್ತು. ಅವರು ಸುಳ್ಳು ಹೇಳುತ್ತಿಲ್ಲ. ಮಾರ್ಗ ಒಂದು ಕಡೆಗೆ 40 ನಿಮಿಷ ಎಂದಿಟ್ಟುಕೊಳ್ಳಿ. ಹೋಗಿ ಬರಲು 80, ಎರಡೂ ತುದಿಯಲ್ಲಿ ಐದೈದು ನಿಮಿಷ ವಿರಾಮ, ಒಟ್ಟು 90. ಅರ್ಧ ಗಂಟೆಗೊಂದು ಬಸ್ ಬೇಕೆಂದರೆ ಮೂರು ಗಾಡಿ ಸಾಕು, ಲೆಕ್ಕ ಕೂದಲೆಳೆಯಷ್ಟೂ ಉಳಿಯದೆ ಕೂತಿದೆ. ಈಗ ಎರಡೂ ದಿಕ್ಕಿನಲ್ಲಿ ಐದು ನಿಮಿಷದ ಸುತ್ತು ಸೇರಿಸಿದರೆ 100 ನಿಮಿಷ. ಅದೇ ಮೂರು ಗಾಡಿಯಲ್ಲಿ ಓಡಿಸಿದರೆ ಬಸ್ಸಿಗೂ ಬಸ್ಸಿಗೂ ನಡುವೆ 33 ನಿಮಿಷ ಚಿಲ್ಲರೆ ಬರುತ್ತದೆ. 8:10, 8:40 ಎಂದು ಜನ ಬಾಯಿಪಾಠ ಮಾಡಿಕೊಂಡಿದ್ದ ಸಮಯ ಹಾಳಾಗುತ್ತದೆ. ಅರ್ಧ ಗಂಟೆಯನ್ನೇ ಉಳಿಸಿಕೊಳ್ಳಬೇಕೆಂದರೆ ನಾಲ್ಕನೇ ಗಾಡಿ, ಅದಕ್ಕೆ ಎರಡು ಪಾಳಿಯ ಚಾಲಕರು. ಹತ್ತು ನಿಮಿಷಕ್ಕೆ ಇಡೀ ಒಂದು ಬಸ್ಸು.

ಮೂರನೇ ದಾರಿಯೂ ಒಂದಿದೆ, ಅದನ್ನು ಅವರೇ ಕೊಟ್ಟರೂ ತೆಗೆದುಕೊಳ್ಳಬೇಡಿ: ತುದಿಯ ವಿರಾಮವನ್ನು ನುಂಗುವುದು. ಕಾಗದದ ಮೇಲೆ 90 ನಿಮಿಷಕ್ಕೇ ಮುಗಿಯುತ್ತದೆ. ಆದರೆ ಆ ವಿರಾಮ ಇರುವುದು ಚಾಲಕ ಕೈಕಾಲು ಆಡಿಸುವುದಕ್ಕೆ ಮಾತ್ರ ಅಲ್ಲ, ಆದ ತಡವನ್ನು ಅಲ್ಲೇ ಮುರಿದು ಹಾಕುವುದಕ್ಕೆ. ಅದು ಹೋದರೆ ಬೆಳಿಗ್ಗೆ ಒಂದು ಮಳೆಯಲ್ಲಿ ಆದ ಏಳು ನಿಮಿಷದ ತಡ ಟ್ರಿಪ್ಪಿನಿಂದ ಟ್ರಿಪ್ಪಿಗೆ ದಾಟಿಕೊಂಡು ಸಂಜೆಗೆ ಅರ್ಧ ಗಂಟೆಯಾಗಿ ನಿಲ್ಲುತ್ತದೆ. ಓಟದ ಸಮಯದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ವಿರಾಮವಿರುವ ಮಾರ್ಗ ಸಮಯಕ್ಕೆ ಸರಿಯಾಗಿ ಓಡಿದರೆ ಅದೃಷ್ಟ ಎನ್ನಬೇಕು.

ಹಾಗಾದರೆ ಕೇಳುವುದೇನು? ಕಂಪನಿ ಎಷ್ಟು ಗಾಡಿ ಇಟ್ಟುಕೊಳ್ಳಬೇಕೆಂಬುದನ್ನು ತೀರ್ಮಾನಿಸುವುದು ಬೆಳಗಿನ ಮತ್ತು ಸಂಜೆಯ ನೂಕುನುಗ್ಗಲು. ಹತ್ತೂವರೆಯಿಂದ ಮೂರೂವರೆಯವರೆಗೆ ಅದರಲ್ಲಿ ಹಲವು ಡಿಪೊದಲ್ಲಿ ಬಿಸಿಲು ಕಾಯುತ್ತಿರುತ್ತವೆ. ಹೊರರೋಗಿಗಳು ಓಡಾಡುವುದೂ ಹೆಚ್ಚಾಗಿ ಆ ಹೊತ್ತಿನಲ್ಲೇ. ಆದ್ದರಿಂದ ದಿನವಿಡೀ ಎಂದು ಕೇಳದೆ, ಆ ಐದು ಗಂಟೆ ಮಾತ್ರ ಆಸ್ಪತ್ರೆ ಗೇಟಿನ ಮೂಲಕ ಎಂದು ಕೇಳಿ. ಆಗ ನಾಲ್ಕನೇ ಗಾಡಿಯನ್ನು ಕೊಳ್ಳಬೇಕಾಗಿಲ್ಲ. ಖರ್ಚು ಇಂಧನ ಮತ್ತು ಚಾಲಕನ ಗಂಟೆಗಳಷ್ಟೇ. ಇದರ ಜೊತೆಗೆ ಒಂದಕ್ಕೊಂದು ತೀರ ಹತ್ತಿರವಿರುವ ಸ್ಟಾಪುಗಳನ್ನು ಒಂದುಗೂಡಿಸಲು ಒಪ್ಪಿದರೆ ಪ್ರತಿ ಸ್ಟಾಪಿಗೆ 20ರಿಂದ 30 ಸೆಕೆಂಡ್ ಉಳಿಯುತ್ತದೆ. ಯಾವ ಸ್ಟಾಪು ಹೋಗಬೇಕೆಂಬ ಜಗಳವನ್ನು ಸಂಘದೊಳಗೇ ಮುಗಿಸಿಕೊಂಡು ಹೋಗಿ. ಕಂಪನಿ ತೆಗೆದರೆ ಬಯ್ಗುಳ, ನೀವೇ ಸೂಚಿಸಿದರೆ ಒಪ್ಪಂದ.

ಇನ್ನು ಎಂಟೂವರೆಯ ಬಸ್ಸು. ಅದರ ಖರ್ಚು ಒಂದು ಟ್ರಿಪ್ಪಿನ ಡೀಸೆಲ್ ಅಲ್ಲ. ಇಳಿಸಿದ ಮೇಲೆ ಡಿಪೊವರೆಗೆ ಖಾಲಿ ಓಟ, ಚಾಲಕನ ಪಾಳಿ ಮಿತಿ ಮೀರಿದರೆ ಇನ್ನೊಬ್ಬ, ಡಿಪೊದಲ್ಲಿ ಡೀಸೆಲ್ ತುಂಬಿ ಗಾಡಿ ತೊಳೆಯುವವರ ಕಾಯುವಿಕೆ. ಆದರೆ ಕಂಪನಿಯ ಲೆಕ್ಕದಲ್ಲೂ ಒಂದು ತೂತಿದೆ. ಆ ಬಸ್ಸಿನಲ್ಲಿ ಆರೇ ಜನ ಇದ್ದರು ಎಂದು ಅವರು ತೋರಿಸುತ್ತಾರೆ. ಏಳೂವರೆಗೆ ಹತ್ತುವವರಲ್ಲಿ ಎಷ್ಟೋ ಜನ ಬೆಳಿಗ್ಗೆ ಬಸ್ಸಿನಲ್ಲಿ ಬಂದಿದ್ದೇ, ಇದು ತಪ್ಪಿದರೂ ಎಂಟೂವರೆಯದು ಇದೆಯಲ್ಲ ಎಂಬ ಧೈರ್ಯದಿಂದ. ಕಡೇ ಬಸ್ ನಿಂತ ಮೇಲೆ ಅವರು ಸ್ಕೂಟರ್ ತೆಗೆಯುತ್ತಾರೆ, ಬೆಳಗಿನ ಟಿಕೆಟ್ಟೂ ಹೋಗುತ್ತದೆ. ಹಾಗಾಗಿ ನಿಲ್ಲಿಸುವ ಮೊದಲಿನ ಮತ್ತು ಆಮೇಲಿನ ಅಂಕಿಗಳನ್ನು ಕೇಳುವಾಗ ಕಡೇ ಟ್ರಿಪ್ಪಿನದು ಮಾತ್ರ ಕೇಳಬೇಡಿ. ಅದರ ಹಿಂದಿನ ಎರಡು ಟ್ರಿಪ್ಪಿನದೂ ಬೆಳಗಿನ ಎದುರು ದಿಕ್ಕಿನದೂ ಬೇಕು. ಪ್ರಯೋಗಾರ್ಥ ಮತ್ತೆ ಓಡಿಸುತ್ತೇವೆ ಎಂದರೆ ಮೂರು ತಿಂಗಳಿಗೆ ಕಡಿಮೆ ಬೇಡ. ಒಮ್ಮೆ ಕೈಕೊಟ್ಟ ಬಸ್ಸನ್ನು ಜನ ನಾಲ್ಕು ವಾರದಲ್ಲಿ ನಂಬುವುದಿಲ್ಲ.

ರಾತ್ರಿಯ ಬಸ್ಸಿಗೆ ಹೆಚ್ಚು ಖರ್ಚಿಲ್ಲದ ಇನ್ನೊಂದು ಸೌಕರ್ಯವಿದೆ. ಕತ್ತಲಾದ ಮೇಲೆ ಒಬ್ಬರೇ ಪ್ರಯಾಣಿಸುವ ಮಹಿಳೆಯರು ಎರಡು ಸ್ಟಾಪುಗಳ ನಡುವೆ ಮನೆಗೆ ಹತ್ತಿರದ ಕಡೆ ಇಳಿಯಬಹುದು ಎಂಬ ನಿಯಮ ಕೆನಡಾದ ಮಾಂಟ್ರಿಯಲ್‌ನಲ್ಲಿ 1996ರಲ್ಲಿ ಶುರುವಾಯಿತು. ನಿಯಮ ಬರೆಯುವಾಗ ಮೂರು ಮಾತು ಸಾಕು: ಒಂದು ಸ್ಟಾಪ್ ಮೊದಲೇ ಚಾಲಕರಿಗೆ ಹೇಳಬೇಕು, ಹಿಂದೆಯೇ ಬೇರೆಯವರು ಇಳಿದು ಬೆನ್ನು ಹತ್ತದ ಹಾಗೆ ಮುಂಬಾಗಿಲಿನಿಂದಲೇ ಇಳಿಯಬೇಕು, ಜಾಗ ಸುರಕ್ಷಿತವೋ ಅಲ್ಲವೋ ಎಂಬ ತೀರ್ಮಾನ ಚಾಲಕರದು. ಈ ಮೂರನೆಯದು ಬರಹದಲ್ಲಿ ಇಲ್ಲದಿದ್ದರೆ ತಿರುವಿನಲ್ಲಿ ನಿಲ್ಲಿಸು ಎಂಬ ತಕರಾರು ದಿನಾ ಇರುತ್ತದೆ.

ಆಸ್ಪತ್ರೆ ಮಾರ್ಗ ಎಂದಮೇಲೆ ಗಾಲಿಕುರ್ಚಿಯ ಮಾತು ಬರಲೇಬೇಕು. ತಗ್ಗು ನೆಲದ ಬಸ್ ಹಾಕುತ್ತೇವೆ ಎಂದರೆ ಕೆಲಸ ಅರ್ಧ ಆಯಿತು, ಅಷ್ಟೇ. ಅಂಥ ಬಸ್ಸಿನ ನೆಲ ರಸ್ತೆಯಿಂದ ಸುಮಾರು 320 ಮಿಲಿಮೀಟರ್ ಎತ್ತರ. ಜನ ಹತ್ತಲೆಂದು ಬಾಗಿಲಿನ ಪಕ್ಕಕ್ಕೆ ಬಾಗಿದಾಗ 250ರ ಆಸುಪಾಸು. ರ‍್ಯಾಂಪ್ ಒಂದು ಮೀಟರ್ ಉದ್ದ. ಅದನ್ನು ನೇರ ರಸ್ತೆಗೆ ಬಿಟ್ಟರೆ ನಾಲ್ಕಕ್ಕೆ ಒಂದರ ಏರು, ತಳ್ಳುವವರಿದ್ದರೂ ಕುರ್ಚಿ ಹಿಂದಕ್ಕೆ ಮಗುಚುವಷ್ಟು ಕಡಿದು. ಅದೇ 150 ಮಿಲಿಮೀಟರ್ ಎತ್ತರದ ಕಟ್ಟೆಯ ಮೇಲೆ ಬಿಟ್ಟರೆ ಹತ್ತಕ್ಕೆ ಒಂದು, ಆರಾಮ. ಕಟ್ಟೆ ಕಟ್ಟುವುದು ಬಸ್ ಕಂಪನಿಯ ಕೆಲಸವಲ್ಲ, ಸ್ಥಳೀಯ ಆಡಳಿತದ್ದು. ಕಂಪನಿಯಿಂದ ಕೇಳಬೇಕಾದದ್ದು ಮಧ್ಯಾಹ್ನ ಒಂದು ಖಾಲಿ ಬಸ್, ಒಬ್ಬ ಚಾಲಕ, ಎರಡು ಗಂಟೆ. ನಿಂತ ಬಸ್ಸಿನಲ್ಲಿ ಗಾಲಿಕುರ್ಚಿಯವರು, ದೃಷ್ಟಿ ಇಲ್ಲದವರು, ಊರುಗೋಲಿನವರು ಹತ್ತಿಳಿದು ಅಭ್ಯಾಸ ಮಾಡಲಿ. ಕುರ್ಚಿಯನ್ನು ಒರಗು ಹಲಗೆಗೆ ಬೆನ್ನು ತಾಗುವಂತೆ, ಬಸ್ಸಿನ ಹಿಂಭಾಗಕ್ಕೆ ಮುಖ ಮಾಡಿ ನಿಲ್ಲಿಸುವ ಬಸ್ಸುಗಳು ನಗರ ಸಾರಿಗೆಯಲ್ಲಿ ಇವೆ. ಅಂಥ ಬಸ್ಸಿನಲ್ಲಿ ಗೊತ್ತಿಲ್ಲದವರು ಮುಂದಕ್ಕೆ ಮುಖ ಮಾಡಿ ನಿಲ್ಲುತ್ತಾರೆ, ಮೊದಲ ಬ್ರೇಕಿಗೇ ಜಾರುತ್ತಾರೆ. ಇದರಿಂದ ಕಲಿಯುವವರು ಪ್ರಯಾಣಿಕರಿಗಿಂತ ಚಾಲಕರೇ ಜಾಸ್ತಿ.

ಹಳೇ ಬಸ್ಸಿನ ಗ್ರಂಥಾಲಯ? ತೆಗೆದುಕೊಳ್ಳಿ, ಆದರೆ ಕಣ್ಣು ಬಿಟ್ಟುಕೊಂಡು. ಎಂಜಿನ್ ನಿಂತ ಬಸ್ಸಿನಲ್ಲಿ ಗಾಳಿಟ್ಯಾಂಕಿನ ಒತ್ತಡ ಮೆಲ್ಲಗೆ ಸೋರುತ್ತದೆ. ಸೋರಿದರೆ ಬ್ರೇಕ್ ಬಿಡುವುದಿಲ್ಲ, ಹಿಡಿಯುತ್ತದೆ. ಹಿಂಗಾಲಿಗಳಲ್ಲಿರುವ ಸ್ಪ್ರಿಂಗ್ ಬ್ರೇಕಿನ ಸ್ವಭಾವ ಅದು. ಆಮೇಲೆ ಬಸ್ಸನ್ನು ಎರಡಡಿ ಸರಿಸಬೇಕೆಂದರೂ ಹೊರಗಿನಿಂದ ಗಾಳಿ ತುಂಬಬೇಕು, ಇಲ್ಲವೇ ಬ್ರೇಕಿನ ಬೋಲ್ಟುಗಳನ್ನು ತಿರುಗಿಸಿ ಬಿಡಿಸಬೇಕು. ಹಾಗಾಗಿ ಕಂಪನಿಯ ಚಾಲಕನೇ ತಂದು, ಅಂತಿಮ ಜಾಗದಲ್ಲೇ, ಮಟ್ಟ ನೋಡಿ ನಿಲ್ಲಿಸಿಕೊಡಲಿ. ಏರ್ ಸಸ್ಪೆನ್ಶನ್ ಇದ್ದರೆ, ಅಂದರೆ ಬಸ್ಸು ಗಾಳಿಚೀಲಗಳ ಮೇಲೆ ಕೂತಿದ್ದರೆ, ಬಸ್ಸು ದಿನಗಳೆದಂತೆ ಒಂದು ಮಗ್ಗುಲಿಗೆ ಕೂರುತ್ತದೆ, ಕಪಾಟಿನ ಪುಸ್ತಕ ಜಾರುತ್ತದೆ; ಚಾಸಿಗೆ, ಅಂದರೆ ಬಸ್ಸಿನ ತಳದ ಚೌಕಟ್ಟಿಗೆ, ಅಡಿಯಿಂದ ಗಟ್ಟಿ ಆಧಾರ ಕೊಡಿಸಿ, ಟೈರನ್ನು ನಂಬಬೇಡಿ. ಬಾಗಿಲೂ ಗಾಳಿಯದೇ. ಕೈಯಲ್ಲಿ ತೆರೆಯುವ ಹಿಡಿಕೆ ಹಾಕಿಸದಿದ್ದರೆ ಮಕ್ಕಳು ಒಳಗೇ ಉಳಿದಾರು. ತುರ್ತು ನಿರ್ಗಮನದ ಮುಂದೆ ಕಪಾಟು ಇಡಕೂಡದು. ದೀಪ, ಫ್ಯಾನು ಬಸ್ಸಿನ 24 ವೋಲ್ಟಿನ ಬ್ಯಾಟರಿಯ ಮೇಲೆ ಓಡಿದರೆ ಅದು ಬೇಗನೆ ಸಾಯುತ್ತದೆ, ಪ್ರತ್ಯೇಕ ಸಂಪರ್ಕ ಬೇಕು. ಡೀಸೆಲ್, ಎಂಜಿನ್ ಆಯಿಲ್, ರೇಡಿಯೇಟರ್ ನೀರು ಎಲ್ಲವನ್ನೂ ಡಿಪೊದಲ್ಲಿ ಬರಿದು ಮಾಡುವುದು ಸುಲಭ; ಆದರೆ ಓಡಿಸಿಕೊಂಡು ಬರುವ ಗಾಡಿಯನ್ನು ಮೊದಲೇ ಬರಿದು ಮಾಡಲಾಗದು, ಅದಕ್ಕೆ ಒಬ್ಬ ಮೆಕ್ಯಾನಿಕ್ ಡಬ್ಬಗಳೊಂದಿಗೆ ಜೊತೆಗೆ ಬರಬೇಕು. ದಾಖಲೆಯಲ್ಲಿ ಗಾಡಿ ಯಾರ ಹೆಸರಿಗೆ ಎಂಬುದನ್ನು ಬರೆಸಿಕೊಳ್ಳದೆ ಬೀಗದಕೈ ಮುಟ್ಟಬೇಡಿ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು: ಅನಾಹುತದ ದಿನ. 1980ರ ಆಗಸ್ಟ್ 2ರಂದು ಇಟಲಿಯ ಬೊಲೋನ್ಯಾ ರೈಲು ನಿಲ್ದಾಣದಲ್ಲಿ ಬಾಂಬ್ ಸಿಡಿದು 85 ಜನ ಸತ್ತರು. ಆಂಬುಲೆನ್ಸ್ ಸಾಲದೆ ಬಂದಾಗ 37ನೇ ಮಾರ್ಗದ ಬಸ್ಸೊಂದರ ಕಿಟಕಿಗಳಿಗೆ ಬಿಳಿ ಬಟ್ಟೆ ಕಟ್ಟಿ ಶವಗಳನ್ನು ಸಾಗಿಸಿದರು. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ನ್ಯೂ ಆರ್ಲಿಯನ್ಸ್‌ನಲ್ಲಿ ಆದದ್ದು ಇದಕ್ಕೆ ತಿರುವುಮುರುವು: ನೂರಾರು ಶಾಲಾ ಬಸ್ಸುಗಳು ನಿಂತಲ್ಲೇ ನೀರಿನಲ್ಲಿ ಮುಳುಗಿದವು, ಓಡಿಸುವವರಿಲ್ಲ ಎಂಬುದು ಆಡಳಿತ ಕೊಟ್ಟ ಕಾರಣಗಳಲ್ಲೊಂದು. ಎಷ್ಟು ಬಸ್ ಕೊಡುತ್ತೀರಿ ಎನ್ನುವುದಕ್ಕಿಂತ, ರಾತ್ರಿ ಎರಡಕ್ಕೆ ಕರೆದರೆ ಬರುವ ಚಾಲಕರ ಪಟ್ಟಿ ಯಾರ ಹತ್ತಿರ ಇದೆ, ಅವರ ಮನೆಯವರನ್ನು ಮೊದಲು ಸ್ಥಳಾಂತರಿಸುವವರು ಯಾರು, ಟ್ಯಾಂಕ್ ರಾತ್ರಿಯೇ ತುಂಬಿರುತ್ತದೆಯೇ, ಡಿಪೊ ತಗ್ಗಿನಲ್ಲಿದೆಯೇ ಎಂದು ಕೇಳಿ. ಬೆಂಕಿ ಬಿದ್ದ ಕಟ್ಟಡದವರನ್ನು ಕೂರಿಸಲು ನಿಲ್ಲಿಸಿದ ಬಸ್ ಎಂಜಿನ್ ಚಾಲೂ ಇದ್ದಷ್ಟು ಹೊತ್ತೂ ಗಂಟೆಗೆ ಸುಮಾರು 2ರಿಂದ 3 ಲೀಟರ್ ಡೀಸೆಲ್ ಕುಡಿಯುತ್ತದೆ, ಆ ಬಿಲ್ಲು ಯಾರದೆಂಬುದೂ ಮೊದಲೇ ಬರಹದಲ್ಲಿರಲಿ.

ರಕ್ತದಾನ ಶಿಬಿರ ನಡೆಯಲಿ, ತಪ್ಪೇನಿಲ್ಲ.

ಮಾತುಕತೆಗೆ ಪ್ರಚಾರ ವಿಭಾಗದವರ ಹತ್ತಿರ ಹೋಗಬೇಡಿ. ವೇಳಾಪಟ್ಟಿ ಹಾಕುವವರನ್ನೇ ಕೂರಿಸಿ ಎಂದು ಪತ್ರದಲ್ಲೇ ಬರೆಯಿರಿ. ಹೋಗುವಾಗ ಆಸ್ಪತ್ರೆಯ ಹೊರರೋಗಿ ವಿಭಾಗದ ಸಮಯ, ಗೇಟಿನ ಮುಂದಿನ ರಸ್ತೆಯ ಅಗಲ, ಮತ್ತು 12 ಮೀಟರಿನ ಬಸ್ ರಿವರ್ಸ್ ತೆಗೆಯದೆ ಅಲ್ಲಿ ತಿರುಗಬಲ್ಲದೇ ಎಂಬ ಉತ್ತರ ಕೈಯಲ್ಲಿರಲಿ. ತಿರುಗಲಾರದು ಎಂದಾದರೆ ಗೇಟಿನ ಆಸೆ ಬಿಟ್ಟು ಮುಖ್ಯರಸ್ತೆಯಲ್ಲಿ ಕಟ್ಟೆ, ನೆರಳು, ಸಮತಟ್ಟಾದ ಕಾಲುದಾರಿ ಕೇಳುವುದು ಬೇಗ ಆಗುವ ಕೆಲಸ.